ಸೋಸಿದರೂ ಹೋಗದ ಉಪ್ಪು

ನೀರು ತಿಳಿಯಾಗಿದ್ದರೆ ಅದು ಶುದ್ಧವೂ ಆಗಿರುವುದೆಂದು ನಂಬುವುದು ಲೋಕರೂಢಿ. ಪ್ರಸನ್ನವಾದ ನೀರನ್ನು ಸಜ್ಜನರ ಮನಸ್ಸಿಗೆ ಹೋಲಿಸುವುದು ಆದಿಕವಿಯ ಕಾಲದಿಂದ ಬಂದ ಪದ್ಧತಿ. ಬಗ್ಗಡದ ನೀರನ್ನು ತಿಳಿಯಾಗಿಸುವ ಉಪಾಯಗಳೂ ನಮ್ಮ ಹಿರಿಯರಿಗೆ ಬಹುಕಾಲದಿಂದ ಗೊತ್ತಿದ್ದವು. ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ, ಕೆಟ್ಟ ನೀರಿನ ಬಾವಿಗೆ ಅಂಜನ, ಮುಸ್ತೆ, ಲಾಮಂಚ, ನೆಲ್ಲಿಕಾಯಿ, ಕತಕಬೀಜ ಮೊದಲಾದುವುಗಳ ಚೂರ್ಣವನ್ನು ಹಾಕಬೇಕೆಂದು ಹೇಳಿರುವನು. ಮರಳು, ಇದ್ದಿಲು, ಜಲ್ಲಿಗಳನ್ನು ತುಂಬಿ ಮಡಕೆಯ ಮೇಲೆ ಮಡಕೆ ಇಟ್ಟು ನೀರು ಸೋಸುವ ಕ್ರಮವನ್ನು ಶಾಲೆಯ ಪುಸ್ತಕದಲ್ಲಿ ಚಿತ್ರಸಹಿತವಾಗಿ ಓದಿದವರು ಈಗಲೂ ಅನೇಕರಿದ್ದಾರೆ. ಇವೆಲ್ಲವೂ ಕಣ್ಣಿಗೆ ಕಾಣುವ, ಮೂಗಿಗೆ ತಿಳಿಯುವ, ನಾಲಿಗೆಗೆ ಹತ್ತುವ ದೋಷಗಳಿಗೆ ಹೇಳಿದ ಪರಿಹಾರಗಳು. ಈ ಮೂರು ಇಂದ್ರಿಯಗಳಿಗೂ ಸಿಕ್ಕದೆ, ಅತ್ಯಂತ ತಿಳಿಯಾದ ನೀರಿನಲ್ಲಿಯೇ ಕರಗಿ ಕುಳಿತಿರತಕ್ಕ ಉಪ್ಪೊಂದುಂಟು. ಅದರ ಹೆಸರು ನೈಟ್ರೇಟು. ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಂದು ಮನೆಯವರಿಗೆ ಅದರ ಪರಿಚಯವಾದದ್ದು ಮೂರು ಬಂಗಾರದ ಮೀನುಗಳ ದೆಸೆಯಿಂದ.

ಆ ಮನೆಯ ಯಜಮಾನರು ಸಿರುಗುಪ್ಪದಲ್ಲಿ ಮೂವತ್ತು ವರ್ಷ ಗೊಬ್ಬರದ ಅಂಗಡಿಯನ್ನು ನಡೆಯಿಸಿ, ಎಪ್ಪತ್ತರ ಹತ್ತಿರಕ್ಕೆ ಬಂದ ಮೇಲೆ ಅದನ್ನು ಅಳಿಯನಿಗೆ ಒಪ್ಪಿಸಿ, ಮಗನ ಬಳಿಗೆ ಬಂದು ನೆಲಸಿದವರು. ಮಗನ ಮಗನಿಗೆ ಹದಿಮೂರು ವರ್ಷ. ಅವನ ಹಟಕ್ಕೆ ನೂರು ಲೀಟರು ಹಿಡಿಯುವ ಗಾಜಿನ ತೊಟ್ಟಿಯೊಂದು ಪಡಸಾಲೆಗೆ ಬಂದಿತು. ಅದೇ ಅಳತೆಯ ಇನ್ನೊಂದು ತೊಟ್ಟಿಯನ್ನು ಯಜಮಾನರೇ ಸಿರುಗುಪ್ಪದ ಮಗಳ ಮನೆಗೆ, ಅಲ್ಲಿಯ ಮೊಮ್ಮಗಳಿಗಾಗಿ ಕಳುಹಿಸಿಕೊಟ್ಟರು. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದೆ ಇರುವ ಧೈರ್ಯ ಯಾವ ತಾತನಿಗುಂಟು?

ತೊಟ್ಟಿಯ ಶೋಧಕವನ್ನು ಅಂಗಡಿಯಿಂದ ಕೊಳ್ಳಲು ಯಜಮಾನರು ಒಪ್ಪಲಿಲ್ಲ. ಹತ್ತು ಲೀಟರಿನ ಒಂದು ಪ್ಲಾಸ್ಟಿಕ್ ಬಕೀಟು, ಅಂಗೈಯಗಲದ ಒಂದು ವಿದ್ಯುತ್ ಪಂಪು, ಸ್ಪಂಜಿನ ತುಂಡು, ತೊಳೆದ ಮರಳು, ಜಲ್ಲಿ—ಇಷ್ಟರಿಂದ ತಾತನೂ ಮೊಮ್ಮಗನೂ ಕೂಡಿ ಅದನ್ನು ಕಟ್ಟಿದರು. ಜಲ್ಲಿ ಬಂದದ್ದು ಕುರುಗೋಡಿನಿಂದ. ಏಕಶಿಲೆಯಲ್ಲಿ ಕಡೆದ ಅಲ್ಲಿಯ ದೊಡ್ಡಬಸವೇಶ್ವರನನ್ನು ನೋಡಿದವರಿಗೆ ಆ ಸೀಮೆಯ ಕಲ್ಲಿನ ಗುಣವನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಅಲ್ಲಿ ಮನೆ ಕಟ್ಟಿಸುತ್ತಿದ್ದ ಯಜಮಾನರ ತಮ್ಮನ ಹಿತ್ತಿಲಿನಿಂದ ಅರ್ಧ ಚೀಲ ಸಣ್ಣ ಜಲ್ಲಿಯನ್ನು ತಂದರು. ಹುಡುಗನು ಅದರ ಮೇಲೆ ನಿಂಬೆಯ ರಸವನ್ನು ಹಿಂಡಿ ಪರೀಕ್ಷಿಸಿದನು. ಸುಣ್ಣದ ಕಲ್ಲಾಗಿದ್ದರೆ ನೊರೆಯೇಳುವುದು. ಅಂಥ ಕಲ್ಲು ಮೆಲ್ಲಮೆಲ್ಲನೆ ಕರಗಿ ನೀರನ್ನು ಗಡುಸುಮಾಡುವುದು. ಕುರುಗೋಡಿನ ಕಲ್ಲಿನಿಂದ ಒಂದು ಗುಳ್ಳೆಯೂ ಏಳಲಿಲ್ಲ. ಪಂಪು ತೊಟ್ಟಿಯ ನೀರನ್ನು ಬಕೀಟಿಗೆ ಎತ್ತುವುದು. ನೀರು ಸ್ಪಂಜು, ಜಲ್ಲಿ, ಮರಳುಗಳಲ್ಲಿ ಇಳಿದು, ತಳದ ಕೊಳವೆಯಿಂದ ಮತ್ತೆ ತೊಟ್ಟಿಗೆ ಬೀಳುವುದು. ತಿಂಗಳು ಕಳೆಯುವುದರೊಳಗಾಗಿ ನೀರು ಸ್ಫಟಿಕದಂತಾಯಿತು. ನೋಡಿದವರೆಲ್ಲರೂ ಹೊಗಳಿದರು.

ಹೊಗಳದೆ ಇದ್ದದ್ದು ಮೀನಿನ ಅಂಗಡಿಯಿಂದ ಹುಡುಗನು ತಂದಿದ್ದ ಪರೀಕ್ಷೆಯ ಪೆಟ್ಟಿಗೆಯೊಂದೇ. ಸಣ್ಣ ಗಾಜಿನ ನಳಿಗೆಯಲ್ಲಿ ನೀರನ್ನು ಹಿಡಿದು, ಎರಡು ಸೀಸೆಗಳ ಹನಿಗಳನ್ನು ಹಾಕಿ ಚೆನ್ನಾಗಿ ಕುಲುಕಿ, ಐದು ನಿಮಿಷ ಬಿಟ್ಟು ಬಣ್ಣದ ಚೀಟಿಯೊಡನೆ ಹೋಲಿಸಿ ನೋಡತಕ್ಕದ್ದು. ಹಳದಿಯಾದರೆ ನೈಟ್ರೇಟು ಇಲ್ಲ, ಕಿತ್ತಳೆಯಾದರೆ ಇದೆ, ಕೆಂಪಾದರೆ ಬಹಳವಾಗಿದೆ. ವಾರವಾರಕ್ಕೆ ಬಣ್ಣವು ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕೆಂಪಿಗೆ ತಿರುಗಿತು. ಚೀಟಿಯ ಪ್ರಕಾರ ಲೀಟರಿಗೆ 80 ಮಿಲಿಗ್ರಾಮು. ಮೀನು ಸಾಕುವವರು ಇದನ್ನು 40ರ ಒಳಗೆ, ಸಾಧ್ಯವಾದರೆ 20ರ ಒಳಗೆ ಇಡಬೇಕೆನ್ನುವರು.

“ಫಿಲ್ಟರು ಕೆಲಸಾನೇ ಮಾಡ್ತಾ ಇಲ್ಲ ತಾತಾ” ಎಂದು ಹುಡುಗನು ಖಿನ್ನನಾದನು.

ವಾಸ್ತವವಾಗಿ ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು. ಮೀನುಗಳ ಕಿವಿರುಗಳಿಂದಲೂ ಮಲದಿಂದಲೂ ಮಿಕ್ಕ ಆಹಾರದ ಕೊಳೆಯಿಂದಲೂ ಹುಟ್ಟುವುದು ಅಮೋನಿಯಾ. ಅದು ಮೀನಿಗೆ ವಿಷ. ಜಲ್ಲಿಯ ತರಿತರಿಯಾದ ಮೈಗೆ ಅಂಟಿಕೊಂಡ ಒಂದು ಬಗೆಯ ಅಣುಜೀವಿಗಳು ಅದನ್ನು ನೈಟ್ರೈಟಾಗಿ ಮಾರ್ಪಡಿಸುವುವು, ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟಾಗಿ ಮಾಡುವುವು. ಇದರ ವಿಷ ಬಹು ಕಡಿಮೆ. ಆದರೆ ಅಲ್ಲಿಗೆ ದಾರಿ ಮುಗಿಯುವುದು. ಗಾಳಿಯಾಡುವ ಶೋಧಕದಲ್ಲಿ ನೈಟ್ರೇಟು ಮುಂದಕ್ಕೆ ಹೋಗಲಾರದೆ ದಿನೇದಿನೇ ಕೂಡಿಕೊಳ್ಳುತ್ತಿರುವುದು. ನೂರಕ್ಕೆ ನಲವತ್ತರಷ್ಟು ಪ್ರೋಟೀನಿರುವ ಮೀನಿನ ಆಹಾರ ಒಂದು ಗ್ರಾಮಿನಲ್ಲಿ ಸುಮಾರು 64 ಮಿಲಿಗ್ರಾಮು ಸಾರಜನಕವುಂಟು. ಅದರಲ್ಲಿ ಮುಕ್ಕಾಲು ಪಾಲು ನೀರಿಗೆ ಸೇರಿತೆಂದರೂ, ಆಮ್ಲಜನಕವನ್ನು ಕೂಡಿಕೊಂಡು ನಾಲ್ಕೂವರೆ ಪಟ್ಟಿನಷ್ಟು ತೂಕದ ನೈಟ್ರೇಟಾಗುವುದರಿಂದ, ನೂರು ಲೀಟರಿನ ತೊಟ್ಟಿಯಲ್ಲಿ ಒಂದು ಗ್ರಾಮು ಆಹಾರಕ್ಕೆ ಲೀಟರಿಗೆ 2 ಮಿಲಿಗ್ರಾಮಿನಂತೆ ಏರುವುದು. ದಿನಕ್ಕೊಂದು ಗ್ರಾಮು ಹಾಕಿದರೆ ನಲವತ್ತು ದಿನಕ್ಕೆ 80.

ಈ ವಿಷಯ ಯಜಮಾನರಿಗೆ ಹೊಸದಲ್ಲ. “ಯೂರಿಯಾ ಹೊಲಕ್ಕೆ ಬಿದ್ದ ಮ್ಯಾಲೆ ಇದೇ ದಾರಿ ಹಿಡೀತೈತಿ” ಎಂದರು. ಮೂವತ್ತು ವರ್ಷ ಅವರು ಮಾರಿದ್ದು ಅದನ್ನೇ. ಕೃಷಿಕರಿಗೆ ಯಾವುದು ಸಂಪತ್ತೋ ಅದು ಮೀನಿನ ತೊಟ್ಟಿಯಲ್ಲಿ ಕಸವಾಗಿ ಕುಳಿತಿತ್ತು.

ಇಲ್ಲಿ ಒಂದು ಚಿಕ್ಕ ವೃತ್ತಾಂತವನ್ನು ಹೇಳಿದರೆ ಅಪ್ರಸ್ತುತವಾಗಲಾರದು. 1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಜ್ಞನು, ಎರಡು ಬಂಗಾರದ ಮೀನುಗಳು, ವ್ಯಾಲಿಸ್ನೇರಿಯಾ ಎಂಬ ನೀರುಹುಲ್ಲು, ಕೊಳೆತ ಎಲೆಗಳನ್ನು ತಿನ್ನುವ ಕೆಲವು ಬಸವನಹುಳುಗಳು—ಇಷ್ಟನ್ನು ಒಂದು ಗಾಜಿನ ಪಾತ್ರೆಯಲ್ಲಿ ಸೇರಿಸಿದರೆ ನೀರನ್ನು ಬದಲಾಯಿಸದೆಯೇ ಅವು ಬಾಳಬಲ್ಲವೆಂದು ಪ್ರಕಟಿಸಿದನು. ಮನೆಗಳಲ್ಲಿ ಗಾಜಿನ ತೊಟ್ಟಿಯ ಹವ್ಯಾಸವು ಹರಡುವುದಕ್ಕೆ ಇದೊಂದು ಮುಖ್ಯ ಕಾರಣವಾಯಿತು. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬುವರು ಒಂದು ಮೀಟರು ಉದ್ದದ ನಳಿಗೆಯಲ್ಲಿ ಮರಳನ್ನೂ ಸೀಮೆಸುಣ್ಣದ ಕಲ್ಲನ್ನೂ ತುಂಬಿ, ಚರಂಡಿಯ ನೀರನ್ನು ಅದರಲ್ಲಿ ನಿಧಾನವಾಗಿ ಇಳಿಸಿದರು. ಇಪ್ಪತ್ತು ದಿನ ಏನೂ ಕಾಣಲಿಲ್ಲ. ಆಮೇಲೆ ಅಮೋನಿಯಾ ಕಡಿಮೆಯಾಗುತ್ತ ನೈಟ್ರೇಟು ಕಾಣಿಸಿಕೊಂಡಿತು. ಕ್ಲೋರೊಫಾರಮಿನ ಆವಿಯನ್ನು ಹಾಯಿಸಿದೊಡನೆಯೇ ಆ ಕ್ರಿಯೆ ನಿಂತಿತು. ಜೀವವಿದ್ದುದಕ್ಕಲ್ಲವೆ ಕ್ಲೋರೊಫಾರಮಿನಿಂದ ಮೂರ್ಛೆ! ಈ ಕಾರ್ಯ ಅಣುಜೀವಿಗಳದೆಂದು ಹಾಗೆ ಗೊತ್ತಾಯಿತು. ಇದನ್ನು ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿಕ್ಷೇತ್ರದಲ್ಲಿ ಪರೀಕ್ಷಿಸಿ ಸ್ಥಿರಪಡಿಸಿ, ಇದು ಎರಡು ಮೆಟ್ಟಿಲುಗಳಲ್ಲಿ ನಡೆಯುವುದೆಂದು ತೋರಿಸಿದವನ ಹೆಸರೂ ರಾಬರ್ಟ್ ವಾರಿಂಗ್ಟನ್ನನೇ—ಆ ಮೀನಿನ ಪಾತ್ರೆಯವನ ಮಗ. ತಂದೆ ಮೀನಿನ ನೀರನ್ನು ನೋಡಿದನು, ಮಗ ಹೊಲದ ಮಣ್ಣನ್ನು ನೋಡಿದನು; ಎರಡರಲ್ಲಿಯೂ ನಡೆಯುತ್ತಿದ್ದ ಕ್ರಿಯೆ ಒಂದೇ.

ನೈಟ್ರೇಟನ್ನು ಇಳಿಸುವ ಸುಲಭೋಪಾಯವೆಂದರೆ ನೀರನ್ನು ಬದಲಾಯಿಸುವುದು. ಬಳ್ಳಾರಿಯ ನಲ್ಲಿಗೆ ಬರುವುದು ತುಂಗಭದ್ರೆಯ ಕಾಲುವೆಯಿಂದ ಅಲ್ಲೀಪುರದ ಕೆರೆಗೆ ತುಂಬಿದ ನೀರು. ಅದನ್ನು ಒಂದು ರಾತ್ರಿ ಬಕೀಟಿನಲ್ಲಿಟ್ಟು, ಕ್ಲೋರಿನ್ ಹೋದ ಮೇಲೆ, ತೊಟ್ಟಿಯ ಕಾಲುಭಾಗವನ್ನು ತೆಗೆದು ಅಷ್ಟನ್ನೇ ತುಂಬಿದರು. ನಲ್ಲಿಯ ನೀರಿನಲ್ಲಿ ನೈಟ್ರೇಟು 4 ಇದೆಯೆಂದು ಇಟ್ಟುಕೊಂಡರೆ 80 ಇದ್ದದ್ದು 61 ಆಗುವುದು, ಮರುಸಲ 47, ಅದರ ಮರುಸಲ 36. ಬಣ್ಣವೂ ಲೆಕ್ಕವೂ ಹೆಚ್ಚು ಕಡಿಮೆ ಒಂದಕ್ಕೊಂದು ಕೂಡಿದುವು. ಹುಡುಗನು ಸಿರುಗುಪ್ಪದ ತಂಗಿಗೆ ದೂರವಾಣಿಯಲ್ಲಿ ಇದೇ ವಿಧಿಯನ್ನು ಉಪದೇಶಿಸಿದನು. ಅವಳು ಹಾಗೆಯೇ ಮಾಡಿದಳು. ಒಂದು ಸಲವಲ್ಲ, ಆರು ಸಲ. ಮೀನುಗಳು ಮಂಕಾಗಿಯೇ ಇದ್ದುವು. ಗಾಜಿಗೆ ಹಸುರು ಪಾಚಿ ಕಟ್ಟುವುದು ನಿಲ್ಲಲಿಲ್ಲ. ಅವಳು ಆಹಾರವನ್ನು ಅತಿಯಾಗಿ ಹಾಕುತ್ತಾಳೆಂದು ಇವನು, ಇಲ್ಲವೆಂದು ಅವಳು.

ಬೇಸಗೆಯ ರಜಕ್ಕೆ ಹುಡುಗನು ತಾತನೊಡನೆ ಸಿರುಗುಪ್ಪಕ್ಕೆ ಹೋದಾಗ ಪರೀಕ್ಷೆಯ ಪೆಟ್ಟಿಗೆಯೂ ಜೊತೆಗೆ ಹೋಯಿತು. ತೊಟ್ಟಿಯ ನೀರು ಕೆಂಪಾಯಿತು, ಅದು ನಿರೀಕ್ಷಿಸಿದ್ದೇ. ಏನು ತೋಚಿತೋ, ಹುಡುಗನು ಅಡುಗೆಮನೆಯ ನಲ್ಲಿಯ ನೀರನ್ನೂ ಒಂದು ನಳಿಗೆಗೆ ಹಿಡಿದನು. ಅದೂ ಕೆಂಪಾಯಿತು.

ಆ ಮನೆ ಊರಿನ ಹೊರಗೆ, ಗದ್ದೆಗಳ ಅಂಚಿನಲ್ಲಿ ಹೊಸದಾಗಿ ಎದ್ದ ಬಡಾವಣೆಯಲ್ಲಿರುವುದು. ಊರಿನ ನಲ್ಲಿ ಅಲ್ಲಿಗೆ ಇನ್ನೂ ಮುಟ್ಟಿರಲಿಲ್ಲ. ಇರುವುದು ಬೋರಿನ ನೀರು; ತಂಪು, ರುಚಿ, ಕನ್ನಡಿಯಂಥ ತಿಳಿ. ಮುಂದೆ ಜಿಲ್ಲೆಯ ಪ್ರಯೋಗಾಲಯದ ವರದಿ ಬಂದಾಗ ನೈಟ್ರೇಟು ಲೀಟರಿಗೆ 60 ಮಿಲಿಗ್ರಾಮು ಎಂದಿತ್ತು. ಇರುವ ನೀರೇ 60 ಆದ ಮೇಲೆ, 80ರ ತೊಟ್ಟಿಗೆ ಕಾಲುಭಾಗ ಹೊಸ ನೀರನ್ನು ತುಂಬಿದರೆ ಬರುವುದು 75. ನೂರು ಸಲ ಬದಲಾಯಿಸಿದರೂ 60ರ ಕೆಳಗೆ ಇಳಿಯಲಾರದು. ಹುಡುಗಿಯ ತಪ್ಪೇನೂ ಇರಲಿಲ್ಲ.

ಮೀನಿನ ಮಾತು ಅಲ್ಲಿಗೆ ಹಿಂದೆ ಬಿದ್ದಿತು. ಆ ಮನೆಯಲ್ಲಿ ಮೂರು ತಿಂಗಳ ಗಂಡುಮಗುವಿತ್ತು. ಬಾಣಂತಿಗೆ ಜ್ವರ ಬಂದು ಹಾಲು ಬತ್ತಿದ್ದರಿಂದ ವೈದ್ಯರ ಹೇಳಿಕೆಯಂತೆ ಪುಡಿಹಾಲು ನಡೆಯುತ್ತಿತ್ತು. ಬೀಗಿತ್ತಿಯವರು ಆಚಾರವಂತರು. ಮಗುವಿನ ನೀರನ್ನು ತಾವೇ ಸೋಸಿ, ಸ್ಟೀಲಿನ ಪಾತ್ರೆಯಲ್ಲಿ ಕುದಿಸಿ, ಮುಕ್ಕಾಲಿಗೆ ಇಳಿಸಿ, ಆರಿಸಿ ಕೊಡುತ್ತಿದ್ದರು. ನೀರನ್ನು ಮುಕ್ಕಾಲಿಗೆ, ಅರ್ಧಕ್ಕೆ, ಕಾಲಿಗೆ ಇಳಿಸುವ ವಿಧಿ ವೈದ್ಯಗ್ರಂಥಗಳಲ್ಲಿ ಉಂಟು; ರೋಗಾಣುಗಳ ಮಟ್ಟಿಗೆ ಅದು ಸರಿಯಾದ ವಿಧಿಯೇ. ಆದರೆ ನೈಟ್ರೇಟು ಬೆಂಕಿಗೆ ಹೆದರುವುದಲ್ಲ. ನೀರು ಆವಿಯಾಗಿ ಹೋಗುವುದು, ಉಪ್ಪು ಉಳಿಯುವುದು. 60 ಇದ್ದ ನೀರು ಮುಕ್ಕಾಲಿಗೆ ಇಳಿದರೆ 80 ಆಗುವುದು. ಅಷ್ಟು ಅಕ್ಕರೆಯಿಂದ ಕಾಯಿಸಿದ ಬಟ್ಟಲಿನಲ್ಲಿ, ಮೀನಿನ ತೊಟ್ಟಿಯಲ್ಲಿದ್ದಷ್ಟೇ ಇತ್ತು.

ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಮನ್ನು ಮೀರಕೂಡದೆಂದು ಭಾರತೀಯ ಮಾನಕ ಸಂಸ್ಥೆಯ 2012ರ ನಿಯಮವಿದೆ. ಬೇರೆ ನೀರು ದೊರೆಯದಾಗ ಇನ್ನಷ್ಟು ಇದ್ದರೂ ಸಹಿಸಬಹುದೆಂಬ ರಿಯಾಯಿತಿ ಕೆಲವು ಲವಣಗಳಿಗೆ ಉಂಟು, ಇದಕ್ಕಿಲ್ಲ. ಕಾರಣ ಎಳೆಯ ಕೂಸುಗಳು. 1945ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ಹಂಟರ್ ಕಾಮ್ಲಿ ಎಂಬ ವೈದ್ಯನು, ಹಳ್ಳಿಯ ಬಾವಿಯ ನೀರಿನಲ್ಲಿ ಹಾಲು ಬೆರಸಿ ಕುಡಿಸಿದ ಕೂಸುಗಳ ಮೈ ನೀಲಿಗಟ್ಟುವುದನ್ನು ಕಂಡು, ಅದಕ್ಕೆ ಆ ನೀರಿನ ನೈಟ್ರೇಟು ಕಾರಣವೆಂದು ಬರೆದನು. ಹೊಟ್ಟೆಯಲ್ಲಿ ನೈಟ್ರೇಟು ನೈಟ್ರೈಟಾಗಿ ರಕ್ತಕ್ಕೆ ಸೇರಿದರೆ, ರಕ್ತದ ಕೆಂಪುದ್ರವ್ಯವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಳ್ಳುವುದು. ದೊಡ್ಡವರ ರಕ್ತಕ್ಕೆ ಅದನ್ನು ಮತ್ತೆ ಸರಿಪಡಿಸುವ ಸಾಮರ್ಥ್ಯವಿದೆ. ಮೂರು ನಾಲ್ಕು ತಿಂಗಳ ಕೂಸಿಗೆ ಅದು ಇನ್ನೂ ಬಲಿತಿರುವುದಿಲ್ಲ. ತಾಯಿಯ ಹಾಲಿಗೆ ಈ ಉಪ್ಪು ಹೆಚ್ಚಾಗಿ ಇಳಿಯುವುದಿಲ್ಲವಾದ್ದರಿಂದ ಎದೆಹಾಲು ಕುಡಿಯುವ ಕೂಸಿಗೆ ಈ ಭಯವಿಲ್ಲ.

ಯಜಮಾನರು ಮೊಮ್ಮಗನನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋಗಿ, ತುಟಿಯನ್ನೂ ಉಗುರುಗಳನ್ನೂ ಎರಡೆರಡು ಸಲ ನೋಡಿದರು. ಕೆಂಪಾಗಿಯೇ ಇದ್ದುವು. ಆದರೂ ಆ ಸಂಜೆಯೇ ವೈದ್ಯರಲ್ಲಿಗೆ ಕರೆದೊಯ್ದರು. ಮಗುವಿಗೆ ಏನೂ ಆಗಿಲ್ಲ, ನೀರನ್ನು ಮಾತ್ರ ಇಂದೇ ಬದಲಾಯಿಸಿರಿ ಎಂದು ವೈದ್ಯರು ಹೇಳಿದರು.

“ಕುದಿಸಿದ ನೀರಿಗೆ ಎಂಥಾ ದೋಷ ಬೀಗ್ರೆ? ನಾಕು ಮಕ್ಕಳನ್ನ ಇದೇ ಊರಿನ ನೀರಾಗ ಬೆಳಸೀನಿ ನಾನು” ಎಂದು ಬೀಗಿತ್ತಿಯವರು ನೊಂದುಕೊಂಡರು. ಅವರು ನೊಂದದ್ದು ಸಹಜ. ಆ ನಾಲ್ಕು ಮಕ್ಕಳು ತಾಯಿಯ ಹಾಲನ್ನೂ ಕಾಲುವೆಯ ನೀರನ್ನೂ ಕುಡಿದು ಬೆಳೆದವರು, ಈ ಬೋರು ಕೊರೆದು ಹತ್ತು ವರ್ಷವೂ ಆಗಿಲ್ಲ ಎಂಬುದನ್ನು ಆ ಹೊತ್ತಿನಲ್ಲಿ ಯಾರೂ ಎತ್ತದೆ ಇದ್ದದ್ದು ವಿವೇಕ. ಮಗಳು ಮಾತ್ರ, “ಅಪ್ಪಾ, ನಾಳೆಯಿಂದ ಕ್ಯಾನಿನ ನೀರು ತರಿಸ್ತೀನಿ, ಅತ್ತೇರೇ ಕುದಿಸ್ಲಿ” ಎಂದಳು. ಎರಡು ಮನೆಗಳ ಮರ್ಯಾದೆ ಆ ಒಂದು ವಾಕ್ಯದಲ್ಲಿ ಉಳಿಯಿತು.

ಶೋಧಕವನ್ನು ಕಟ್ಟುವ ಆಟ ಅಂದಿನಿಂದ ಆಟವಾಗಿ ಉಳಿಯಲಿಲ್ಲ. ಮಗುವಿನ ನೀರಿಗೂ ಆಗುವಂಥದನ್ನು ತಾನೇ ಮಾಡುವೆನೆಂದು ಹುಡುಗನು ಹೊರಟನು. ಇದ್ದಿಲು ಬಣ್ಣವನ್ನೂ ವಾಸನೆಯನ್ನೂ ಹೀರುವುದು, ನೈಟ್ರೇಟನ್ನು ಮುಟ್ಟದು. ಮರಳಿಗೆ ಅದು ಸಿಕ್ಕದು. ಬಟ್ಟೆಗೆ ಮೊದಲೇ ಇಲ್ಲ. ಆರ್.ಒ. ಯಂತ್ರ ಅದನ್ನು ತಡೆಯಬಲ್ಲದು. ಆದರೆ ಒಂದು ಕೊಡ ಒಳ್ಳೆಯ ನೀರಿಗೆ ಎರಡು ಮೂರು ಕೊಡ ನೀರನ್ನು ಹೊರಕ್ಕೆ ಬಿಡುವುದು. ತಡೆದ ಉಪ್ಪೆಲ್ಲವೂ ಆ ಬಿಟ್ಟ ನೀರಿನಲ್ಲಿರುವುದು. ಕೊನೆಗೆ ಮಗುವಿಗೆ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನೇ ಗತಿಯೆಂದು ನಿಶ್ಚಯವಾಯಿತು. ಕುಡಿಯುವ ನೀರಿನ ವಿಷಯದಲ್ಲಿ ಮನೆಯಲ್ಲಿ ಮಾಡಿದ ಪ್ರಯೋಗವನ್ನು ನಂಬದೆ ಇದ್ದದ್ದು ಒಳ್ಳೆಯದಾಯಿತು; ಮುಂದೆ ನಡೆದದ್ದರಿಂದ ಇದು ತಿಳಿಯುವುದು.

ತೊಟ್ಟಿಗಾಗಿ ಅವರು ಮೊದಲು ಮಾಡಿದ್ದು ಸುರುಳಿಯ ಶೋಧಕ. ಅದರ ತತ್ತ್ವ ಬಲು ಚೆನ್ನಾದದ್ದು. ಗಾಳಿಯಿಲ್ಲದ ಸ್ಥಳದಲ್ಲಿ ಕೆಲವು ಅಣುಜೀವಿಗಳು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಉಸಿರಾಟಕ್ಕೆ ಬಳಸಿಕೊಂಡು, ಸಾರಜನಕವನ್ನು ವಾಯುವಾಗಿ ಬಿಟ್ಟುಬಿಡುವುವು. ಇದನ್ನು 1880ರ ದಶಕದಲ್ಲಿ ಫ್ರಾನ್ಸಿನ ಗಯೋಂ ಮತ್ತು ದ್ಯುಪೆತೀ ಎಂಬುವರು ತೋರಿಸಿಕೊಟ್ಟರು. ಅಳಿಯನ ಅಂಗಡಿಯಲ್ಲಿ ಹನಿನೀರಾವರಿಗೆ ಮಾರುವ ಸಣ್ಣ ಕೊಳವೆಯಿತ್ತು. ಅದನ್ನು ಮೂವತ್ತು ಮೀಟರು ತೆಗೆದುಕೊಂಡು ಡಬ್ಬಕ್ಕೆ ಸುತ್ತಿ, ನೀರು ಸೆಕೆಂಡಿಗೊಂದು ಹನಿಯಂತೆ ಹೊರಬೀಳುವಹಾಗೆ ಬಿಗಿದರು. ಕೊಳವೆಯ ಮೊದಲ ಭಾಗದಲ್ಲಿರುವ ಜೀವಿಗಳು ನೀರಿನ ಆಮ್ಲಜನಕವನ್ನು ಮುಗಿಸಿದರೆ, ಆಚೆಯವು ನೈಟ್ರೇಟಿಗೆ ಕೈಹಾಕಬೇಕು. ಅವಕ್ಕೆ ಆಹಾರವಾಗಿ ಚಿಟಿಕೆ ಸಕ್ಕರೆಯ ನೀರು. ಮೂರು ವಾರಕ್ಕೆ ಹೊರಬೀಳುವ ಹನಿಯಲ್ಲಿ ನೈಟ್ರೇಟು ಕಡಿಮೆಯಾಗಿ ನೈಟ್ರೈಟು ಕಾಣಿಸಿತು. ಕೆಲಸ ಅರ್ಧಕ್ಕೆ ನಿಂತಿದೆಯೆಂದು ಅರ್ಥ. ಹನಿಯನ್ನು ಇನ್ನೂ ನಿಧಾನಮಾಡಿದರು. ಆಗ ನೈಟ್ರೈಟು ಹೋಗಿ, ಕೊಳೆತ ಮೊಟ್ಟೆಯ ನಾತ ಬಂದಿತು. ನೈಟ್ರೇಟು ಪೂರ್ತಿಯಾಗಿ ಮುಗಿದು, ಜೀವಿಗಳು ಗಂಧಕದ ಲವಣಗಳಿಗೆ ಕೈಹಾಕಿದ್ದುವು. ಆ ವಾಯು ಮೀನಿಗೂ ವಿಷ, ಮನುಷ್ಯನಿಗೂ ವಿಷ. ದೊಡ್ಡ ಪಟ್ಟಣಗಳ ಶುದ್ಧೀಕರಣಾಲಯಗಳಲ್ಲಿ ಇದೇ ಕ್ರಮ ಹಗಲಿರುಳು ಅಳತೆ ನೋಡುವವರ ಕೈಯಲ್ಲಿ ಸಲೀಸಾಗಿ ನಡೆಯುವುದು. ಬಳ್ಳಾರಿಯ ಪಡಸಾಲೆಯಲ್ಲಿ ಮನೆಯೊಡತಿಯ ಅಪ್ಪಣೆಯಂತೆ ಅದೇ ದಿನ ಬಿಚ್ಚಲ್ಪಟ್ಟಿತು.

ಎರಡನೆಯದು ಕುರುಗೋಡಿನ ತಮ್ಮನ ಹೆಂಡತಿಯ ಬುದ್ಧಿ. ಕಾಲುವೆಯ ಬದಿಯಲ್ಲಿ ಹೊನಗೊನ್ನೆ ಸೊಪ್ಪು ಕೈಯಿಟ್ಟಲ್ಲಿ ಬೆಳೆಯುವುದನ್ನು ನೋಡಿದ ಆಕೆ, “ಗೊಬ್ಬರದ ನೀರು ಐತಿ ಅಂದ್ರ ಸೊಪ್ಪು ಹಾಕ್ರಿ ಭಾವಾರೆ” ಎಂದಳಂತೆ. ಮೂವತ್ತು ವರ್ಷ ಗೊಬ್ಬರವನ್ನು ಮಾರಿದವರಿಗೆ ಅದು ಹೊಳೆಯದೆ ಹೋದದ್ದು ವಿಚಿತ್ರ. ಆರು ಅಂಗುಲದ ಪಿ.ವಿ.ಸಿ. ಕೊಳವೆಯನ್ನು ಉದ್ದಕ್ಕೆ ಸೀಳಿ, ಎರಡು ತುದಿಗಳನ್ನು ಮುಚ್ಚಿ, ದೋಣಿಯಂತೆ ಮಾಡಿ ತೊಟ್ಟಿಯ ಮೇಲ್ಗಡೆ ಕಿಟಕಿಯ ಬಿಸಿಲಿಗೆ ಕಟ್ಟಿದರು. ಅದರಲ್ಲಿ ಕುರುಗೋಡಿನ ಜಲ್ಲಿ. ಜಲ್ಲಿಯಲ್ಲಿ ಹೊನಗೊನ್ನೆಯ ತುಂಡುಗಳು, ಒಂದೆರಡು ಕೆಸುವಿನ ಗಡ್ಡೆ, ಒಂದು ಮನಿಪ್ಲಾಂಟ್ ಬಳ್ಳಿ. ಪಂಪಿನ ನೀರು ಒಂದು ತುದಿಯಿಂದ ಹತ್ತಿ, ಬೇರುಗಳ ನಡುವೆ ಹರಿದು, ಇನ್ನೊಂದು ತುದಿಯಿಂದ ತೊಟ್ಟಿಗೆ ಇಳಿಯುವುದು. ತೊಟ್ಟಿಯಲ್ಲಿ ಅಂತರಗಂಗೆಯನ್ನೂ ತೇಲಿಬಿಟ್ಟರು. ಹೊರಗಿನಿಂದ ತಂದ ಗಿಡಗಳ ಬೇರನ್ನು ಚೆನ್ನಾಗಿ ತೊಳೆಯದಿದ್ದರೆ ಹುಳುಹುಪ್ಪಟೆಗಳೂ ಬರುವುದುಂಟು, ಬಂದುವು, ಬಂಗಾರದ ಮೀನುಗಳು ಅವನ್ನು ತಿಂದು ತೀರಿಸಿದುವು.

ಹದಿನೈದು ದಿನ ಬಣ್ಣ ಬದಲಾಗಲಿಲ್ಲ. ಬೇರು ಹಿಡಿದ ಮೇಲೆ ಸೊಪ್ಪು ನುಗ್ಗಿ ಬಂದಿತು, ಕೆಂಪು ಕಿತ್ತಳೆಗೆ ಇಳಿಯಿತು. ನೂರು ಗ್ರಾಮು ಹಸಿ ಸೊಪ್ಪಿನಲ್ಲಿ ಮೂರು ನಾಲ್ಕು ಗ್ರಾಮು ಪ್ರೋಟೀನಿದ್ದರೆ, ಅದಕ್ಕೆ ಅರ್ಧ ಗ್ರಾಮಿನಷ್ಟು ಸಾರಜನಕ ಬೇಕು. ಎಂದರೆ ಎರಡು ಗ್ರಾಮಿಗೂ ಮಿಕ್ಕ ನೈಟ್ರೇಟು. ನೂರು ಗ್ರಾಮು ಕೊಯ್ದರೆ ನೂರು ಲೀಟರಿನಲ್ಲಿ ಲೀಟರಿಗೆ ಇಪ್ಪತ್ತಕ್ಕಿಂತ ಹೆಚ್ಚು ಮಿಲಿಗ್ರಾಮು ಇಳಿದಂತೆ. ಕೊಯ್ಯುವುದೇ ಇಲ್ಲಿ ಮುಖ್ಯ. ಕೊಯ್ಯದೆ ಬಿಟ್ಟು, ಎಲೆ ಉದುರಿ ನೀರಿನಲ್ಲಿ ಕೊಳೆತರೆ, ತೆಗೆದದ್ದೆಲ್ಲವೂ ತಿರುಗಿ ತೊಟ್ಟಿಗೆ ಬರುವುದು. ಕೊಯ್ದ ಸೊಪ್ಪನ್ನು ಪಲ್ಯಕ್ಕೆ ಹಾಕಬಹುದೇ ಎಂಬ ಚರ್ಚೆ ಮನೆಯಲ್ಲಿ ಎರಡು ದಿನ ನಡೆಯಿತು. ಮೀನಿಗೆ ಔಷಧ ಹಾಕಿದ ನೀರೆಂಬ ಕಾರಣದಿಂದ ಅದು ಪಕ್ಕದ ಮನೆಯ ಆಕಳಿಗೂ ಹೋಗದೆ ಕುಂಡಗಳ ಗೊಬ್ಬರವಾಯಿತು. ಸಿರುಗುಪ್ಪದ ತೊಟ್ಟಿಗೂ ಇಂಥದೇ ಒಂದು ದೋಣಿ ಹೋಯಿತು. ಅಲ್ಲಿ ಔಷಧವನ್ನು ಹಾಕಿರಲಿಲ್ಲ.

ಇನ್ನು ಉಳಿದದ್ದು, ಬೋರಿಗೆ ಆ ಉಪ್ಪು ಎಲ್ಲಿಂದ ಬಂದಿತೆಂಬ ಪ್ರಶ್ನೆ. ಇದರಲ್ಲಿ ಎರಡು ಮನೆಗಳಿಗೂ ಪಾಲಿತ್ತು. ಹಿತ್ತಿಲಿನಲ್ಲಿ ಬೀಗಿತ್ತಿಯವರ ಎರಡು ಎಮ್ಮೆ, ತಿಪ್ಪೆ. ಅದರ ಆಚೆಗೆ ಶೌಚದ ಗುಂಡಿ. ಬೇಲಿಯ ಹೊರಗೆ, ಅಳಿಯನ ಅಂಗಡಿಯ ಯೂರಿಯಾ ಬೀಳುವ ಹೊಲಗದ್ದೆ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. 45 ಕಿಲೋ ಮೂಟೆಯಲ್ಲಿ 20 ಕಿಲೋಗೂ ಹೆಚ್ಚು. ಅದೆಲ್ಲವೂ ನೈಟ್ರೇಟಾಗಿ ನೀರಿಗಿಳಿದರೆ 90 ಕಿಲೋ ಆಗುವುದು. ಇಪ್ಪತ್ತು ಲಕ್ಷ ಲೀಟರು ನೀರನ್ನು 45ರ ಮೇರೆಗೆ ತರಲು ಅಷ್ಟು ಸಾಕು. ಪೂರ್ತಿ ಹಾಗೆ ಇಳಿಯುವುದೆಂದಿಲ್ಲ, ಬೆಳೆಯೂ ತಿನ್ನಬೇಕಷ್ಟೆ. ಲೆಕ್ಕವನ್ನು ಹಾಕಿದವರು ಯಜಮಾನರೇ. ಹಾಕಿ, ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ಆದರೂ ಅವರು ಗದ್ದೆಯ ಪಕ್ಷವನ್ನು ಬಿಟ್ಟುಕೊಡಲಿಲ್ಲ. ಅವರ ವಾದದಲ್ಲಿ ಸತ್ಯವೂ ಇತ್ತು. ವಿಜಯನಗರದ ಕಾಲದ ಕಾಲುವೆಗಳಿಂದಲೂ, 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿದ ಮೇಲೆ ಇನ್ನೂ ವಿಸ್ತಾರವಾಗಿಯೂ, ಭತ್ತವನ್ನು ಬೆಳೆಯುತ್ತ ಬಂದ ಸೀಮೆ ಸಿರುಗುಪ್ಪ. ನೀರು ನಿಂತ ಗದ್ದೆಯಲ್ಲಿ ಕೆಸರಿನ ತೆಳುವಾದ ಮೇಲ್ಪದರದ ಕೆಳಗೆ ಗಾಳಿಯಿರುವುದಿಲ್ಲ. ಅಲ್ಲಿಗಿಳಿದ ನೈಟ್ರೇಟು ಬಹುಮಟ್ಟಿಗೆ ವಾಯುವಾಗಿ ಹಾರಿಹೋಗುವುದು. ಬಳ್ಳಾರಿಯ ಪಡಸಾಲೆಯಲ್ಲಿ ಕೆಟ್ಟುಹೋದ ಸುರುಳಿಯ ಶೋಧಕ, ಸಿರುಗುಪ್ಪದ ಗದ್ದೆಯಲ್ಲಿ ಎಕರೆಗಟ್ಟಲೆ ತಾನಾಗಿಯೇ ನಡೆಯುತ್ತಿದೆ. ರೈತನಿಗೆ ಅದು ನಷ್ಟ, ಬಾವಿಗೆ ಲಾಭ. ಮೆಣಸಿನಕಾಯಿ, ಹತ್ತಿಗಳ ಒಣಹೊಲದಲ್ಲಿ ಹೀಗಾಗುವುದಿಲ್ಲ. ಅಲ್ಲಿ ಬೆಳೆ ತಿನ್ನದೆ ಬಿಟ್ಟ ನೈಟ್ರೇಟು ಮಳೆಯೊಡನೆ ಕೆಳಗಿಳಿಯುವುದು. ಅದಕ್ಕೆ ಯಜಮಾನರಲ್ಲಿ ಉತ್ತರವಿರಲಿಲ್ಲ.

ಬೀಗಿತ್ತಿಯವರ ಪಕ್ಷಕ್ಕೂ ಹೇಳುವುದುಂಟು. ತಿಪ್ಪೆ ಇಂದಿನದಲ್ಲ. ದನ ಕಟ್ಟಿದ ಹಳೆಯ ಗೋಡೆಗಳ ಬುಡದಲ್ಲಿ ಬೆಳ್ಳಗೆ ಹೂವಿನಂತೆ ಏಳುವ ಪೆಟ್ಲುಪ್ಪು ನೈಟ್ರೇಟೇ. ಶುಕ್ರನೀತಿಯಲ್ಲಿ ಬಂದೂಕಿನ ಮದ್ದಿಗೆ ಹೇಳಿದ ಸುವರ್ಚಿಲವಣವೂ ಅದೇ. ಅದಕ್ಕೂ ಹಿಂದೆ, ನವಶಿಲಾಯುಗದ ಗೋಪಾಲಕರು ರಾಶಿರಾಶಿಯಾಗಿ ಸುಟ್ಟ ಸಗಣಿಯ ಬೂದಿಯಿಂದ ಎದ್ದದ್ದು ಕುಡತಿನಿಯ ಬೂದಿದಿಬ್ಬವೆಂದು ಪಂಡಿತರು ನಿರ್ಣಯಿಸಿದ್ದಾರೆ. ಅವರು ಯಾವ ಉದ್ದೇಶದಿಂದ ಸುಟ್ಟರೋ, ಸುಟ್ಟದ್ದರಿಂದ ಸಾರಜನಕ ಆಕಾಶಕ್ಕೆ ಹೋಯಿತು, ನೆಲದ ನೀರಿಗೆ ಇಳಿಯಲಿಲ್ಲ. ಈಗ ತಿಪ್ಪೆ ಬೋರಿನಿಂದ ಇಪ್ಪತ್ತು ಅಡಿ ದೂರ, ಅದೂ ಎತ್ತರದ ಕಡೆಗೆ.

ಹುಡುಗನು ಆ ಓಣಿಯ ಐದು ಮನೆಗಳ ಬೋರಿನ ನೀರನ್ನು ಕೇಳಿ ತಂದು ಪರೀಕ್ಷಿಸಿದನು. ಮೂರು ಕೆಂಪಾದುವು, ಎರಡು ಹಳದಿಯಾಗಿ ನಿಂತುವು. ಕೆಂಪಾದ ಒಂದು ಮನೆಯಲ್ಲಿ ದನವೂ ಇಲ್ಲ, ತಿಪ್ಪೆಯೂ ಇಲ್ಲ. ಹಳದಿಯಾದ ಒಂದು ಮನೆಯಲ್ಲಿ ಎರಡೂ ಇದ್ದುವು. ಆ ದಿನದಿಂದ ಬೀಗರ ನಡುವೆ ಈ ಮಾತು ಬರುವುದು ನಿಂತಿತು. ಓಣಿಯಲ್ಲಿ ಇನ್ನೊಂದು ಮನೆಗೆ ಬಾಣಂತಿ ಬರುವವಳಿದ್ದಳು. ಅವರಿಗೆ ಬೀಗಿತ್ತಿಯವರೇ ಹೋಗಿ, ಕೂಸಿಗೆ ಎದೆಹಾಲಲ್ಲದೆ ಬೇರೆ ಕೊಡಬೇಕಾಗಿ ಬಂದರೆ ಬೋರಿನ ನೀರನ್ನು ಬಳಸಬೇಡಿರೆಂದು ಹೇಳಿಬಂದರು.

ಅಳಿಯನು ಅಂಗಡಿಯಲ್ಲಿ ಯೂರಿಯಾವನ್ನು ಒಂದೇ ಸಲ ಸುರಿಯದೆ ಮೂರು ಕಂತಿನಲ್ಲಿ ಹಾಕಿರೆಂದು ರೈತರಿಗೆ ಹೇಳುತ್ತಿದ್ದಾನೆ. ಕೃಷಿ ಇಲಾಖೆಯವರು ಬಹುಕಾಲದಿಂದ ಹೇಳುತ್ತಿರುವುದೂ ಅದನ್ನೇ. ಕೇಳುವವರು ಕೇಳುತ್ತಾರೆ, ಕೂಲಿಯಾಳು ಸಿಕ್ಕದವರು ಒಂದೇ ಸಲ ಚೆಲ್ಲುತ್ತಾರೆ. ಬೋರಿನ ಬಾಯಿಯ ಸುತ್ತ ಸಿಮೆಂಟಿನ ಕಟ್ಟೆಯಾಗಿದೆ. ನೆಲದೊಳಗಿನ ನೀರು ಬದಲಾಗಬೇಕಾದರೆ ವರ್ಷಗಳು ಬೇಕು. ಪ್ರಯೋಗಾಲಯದ ಎರಡನೆಯ ವರದಿಯಲ್ಲಿ ಇಳಿದದ್ದು ಅತ್ಯಲ್ಪ. ಕೂಸಿಗೆ ಈಗ ಒಂಬತ್ತು ತಿಂಗಳು. ರಾಗಿಯ ಅಂಬಲಿಗೂ ಘಟಕದ ನೀರೇ. ತೊಟ್ಟಿಯ ಮೇಲಿನ ದೋಣಿಯಲ್ಲಿ ಹೊನಗೊನ್ನೆ ಚೆನ್ನಾಗಿ ಹಬ್ಬಿದೆ. ಬೀಗಿತ್ತಿಯವರು ವಾರಕ್ಕೊಂದು ಹಿಡಿ ಕೊಯ್ದು ಎಮ್ಮೆಗೆ ಹಾಕುತ್ತಾರೆ. ಎಮ್ಮೆಯ ಸಗಣಿ ಹೊಸ ತಿಪ್ಪೆಗೆ ಹೋಗುತ್ತದೆ. ಅದು ಬೋರಿನಿಂದ ನೂರು ಅಡಿ ಆಚೆಗೆ, ಇಳಿಜಾರಿನ ಕೆಳಗಡೆಗೆ ಇದೆ.